ಎಳೆಯುವ ಮನೆ, ಓಡುವ ಮನೆ

ಬೆಳಗಿನ ಕಾಫಿ ಲೋಟದ ತಳ ಕಾಣುವ ಹೊತ್ತಿಗೆ ವಕೀಲರು ರಜೆಗೆ ಕ್ಯಾಂಪರ್ ವ್ಯಾನನ್ನೇ ಬಾಡಿಗೆಗೆ ಹಿಡಿಯುವುದೆಂದು ತೀರ್ಮಾನ ಮಾಡಿಯಾಗಿತ್ತು. ಅದನ್ನು ಹೆಂಡತಿಗೆ ಹೇಳೋಣವೆಂದು ಗಂಟಲು ಸರಿಮಾಡಿಕೊಳ್ಳುತ್ತಿರುವಾಗಲೇ ಮೇಲಿನ ಮನೆಯ ಡ್ರೈವರಣ್ಣ ಪೇಪರ್ ಕೇಳಿಕೊಂಡು ಇಳಿದು ಬಂದ. ಬಂದವನು ಪೇಪರ್ ತೆಗೆದುಕೊಂಡು ತನ್ನ ಪಾಡಿಗೆ ಹೋಗಬಹುದಿತ್ತು. ಹೋಗಲಿಲ್ಲ. ಬಾಗಿಲಲ್ಲೇ ನಿಂತು, "ವಕೀಲ್ರೇ, ನನ್ನ ಮಾತು ಕೇಳಿ. ಕ್ಯಾಂಪರ್ ವ್ಯಾನೇ ತಗೊಳ್ಳಿ," ಎಂದ. ಆ ದಿನದ ಅನರ್ಥಕ್ಕೆಲ್ಲ ಆ ಒಂದು ಮಾತೇ ಮೂಲ.

ವಕೀಲರೆಂದರೆ ಕರಿಕೋಟು ಹಾಕಿಕೊಂಡು ಕೋರ್ಟಿಗೆ ಹೋಗುವ ವಕೀಲರಲ್ಲ. ಅವರಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬೀದಿಯವರು ಆ ಹೆಸರಿಟ್ಟದ್ದು ಅವರ ಬಾಯಿ ನೋಡಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಎಲ್ಲ ಕಡೆಯೂ ಇರುತ್ತಾರೆ. ಅಂಥವರ ಜೊತೆ ಹೇಗೋ ಬಾಳಬಹುದು. ಮೂರೇ ಕಾಲು ಎಂದು ಒಪ್ಪಿಬಿಟ್ಟರೆ ಜಗಳ ಮುಗಿಯಿತು. ವಕೀಲರ ಮೊಲ ಅಷ್ಟು ಸುಲಭದ್ದಲ್ಲ. ನೀವು ಮೂರು ಎಂದರೆ ಅದಕ್ಕೆ ನಾಲ್ಕು ಕಾಲು. ಸರಿಯಪ್ಪ, ನಾಲ್ಕೇ ಇರಲಿ ಎಂದಿರೋ, ಮೂರು.

ಅಂಗಡಿಯಲ್ಲಿ ಈ ಗುಣಕ್ಕೆ ಒಳ್ಳೆಯ ಬೆಲೆಯಿತ್ತು. ಗಿರಾಕಿ ಒಂದು ಫ್ರೇಮನ್ನು ಮೂಗಿನ ಮೇಲಿಟ್ಟು, ಕನ್ನಡಿ ನೋಡಿ, "ಇದು ಬೇಡ" ಎಂದು ಪಕ್ಕಕ್ಕಿಟ್ಟನೋ, ವಕೀಲರ ಕೈ ನೇರ ಅದರ ಮೇಲೆಯೇ ಹೋಗುತ್ತಿತ್ತು. ಬೇಡವೆಂದವನ ಮೂಗು, ಕಿವಿ, ಗಲ್ಲ, ಅವನ ಕಚೇರಿಯ ಘನತೆ, ಅವನ ಮಾವನ ಮನೆಯವರ ಅಭಿಪ್ರಾಯ ಎಲ್ಲವನ್ನೂ ಸಾಕ್ಷಿಗೆ ಕರೆದು ವಾದ ಮಾಡಿ, ಕೊನೆಗೆ ಬೇಡದ ಫ್ರೇಮನ್ನೇ ಅವನ ಮುಖಕ್ಕೆ ಹಾಕಿ ಕಳಿಸುತ್ತಿದ್ದರು. ಬೇರೆ ಅಂಗಡಿಗಳಲ್ಲಿ ಧೂಳು ಹಿಡಿದು ಕೂತ ಫ್ರೇಮುಗಳು ಈ ಅಂಗಡಿಯಲ್ಲಿ ಮೊದಲು ಖರ್ಚಾಗುತ್ತಿದ್ದವು.

ಆದರೆ ಅಂಗಡಿಯ ಗುಣ ಅಂಗಡಿಯಲ್ಲೇ ಉಳಿಯಬೇಕಲ್ಲ? ಸಂಜೆ ಬಾಗಿಲು ಹಾಕಿದ ಮೇಲೂ ಅದು ವಕೀಲರ ಜೊತೆ ಸ್ಕೂಟರಿನ ಹಿಂದೆ ಕೂತು ಮನೆಗೆ ಬರುತ್ತಿತ್ತು.

ಅವರ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸದವಳು. ದಿನವಿಡೀ ಜನರ ಕೈ ಹಿಡಿದು ನರ ಹುಡುಕುವವಳಿಗೆ ಮಾತು ಕಡಿಮೆ. ಮದುವೆಯಾದಾಗಿನಿಂದ ಈ ಇಬ್ಬರಿಗೂ ರಜೆಯೆಂದರೆ ಯಾರಾದರೂ ನೆಂಟರ ಮನೆ. ಒಂದು ವರ್ಷ ಭಾವನ ಮನೆಯ ಹಜಾರ, ಇನ್ನೊಂದು ವರ್ಷ ಚಿಕ್ಕಮ್ಮನ ಮನೆಯ ಮಹಡಿ. ಹೋದಲ್ಲೆಲ್ಲ ಅವಳಿಗೆ ಅಡಿಗೆಮನೆಯಲ್ಲಿ ಕೆಲಸ, ಅವರಿಗೆ ಹಜಾರದಲ್ಲಿ ವಾದ. ಕಳೆದ ಸಲ ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತಾ, "ಒಂದು ವಾರ ಬೇರೆ ಎಲ್ಲಾದ್ರೂ ಕಣ್ಣು ಬಿಡಬೇಕು ರೀ. ಯಾರ ಮನೇಲೂ ಅಲ್ಲ," ಎಂದಿದ್ದಳು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತದಿದ್ದ ಕಾರಣಕ್ಕೇ ಅದು ವಕೀಲರ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಹೆಂಡತಿ ಅಷ್ಟು ದಿನಗಳಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ, ಅದನ್ನೂ ಕೊಡಿಸಲಾರದಿದ್ದರೆ ತಾನೆಂಥ ಗಂಡಸು ಎಂದು ಅವರು ಎಷ್ಟೋ ಸಲ ತಮ್ಮನ್ನು ತಾವೇ ಬೈದುಕೊಂಡಿದ್ದರು.

ಈ ವರ್ಷ ಇಬ್ಬರಿಗೂ ಒಂದೇ ವಾರದಲ್ಲಿ ರಜೆ ಸಿಕ್ಕಿತ್ತು. ಊರಾಚೆಯ ಗಾಡಿ ಅಂಗಡಿಯಲ್ಲಿ, ರಜೆಯ ದಿನಗಳಾದ್ದರಿಂದ, ಎರಡೇ ಗಾಡಿ ಉಳಿದಿದ್ದವು. ಒಂದು ಕ್ಯಾರವಾನ್: ಹಾಸಿಗೆ, ಒಲೆ, ಮೇಜು ಎಲ್ಲ ಇರುವ ಚಕ್ರದ ಮನೆ, ಇಂಜಿನ್ನಿಲ್ಲ, ಅಂಗಡಿಯವರೇ ಕೊಡುವ ಜೀಪಿನ ಹಿಂದೆ ಕೊಂಡಿ ಹಾಕಿ ಎಳೆಯಬೇಕು. ಇನ್ನೊಂದು ಕ್ಯಾಂಪರ್ ವ್ಯಾನ್: ಇಂಜಿನ್ನೂ ಮನೆಯೂ ಒಂದೇ ಮೈಯಲ್ಲಿ, ತಾನೇ ಓಡುತ್ತದೆ, ಆದರೆ ಒಳಗೆ ಇಕ್ಕಟ್ಟು. ಗಾಡಿ ಅಂಗಡಿಯವನು ಖಡಾಖಂಡಿತವಾಗಿ ಹೇಳಿದ್ದ: "ಫೋನಲ್ಲಿ ಹೇಳಿದ್ರೆ ಆಗಲ್ಲ ಸಾರ್. ಕೀ ಯಾರ ಕೈಲೋ ಗಾಡಿ ಅವರದು."

ಯಾವುದು ಬೇಕು ಎಂದು ಹೆಂಡತಿಯನ್ನು ಕೇಳಿದರೆ ಅವಳು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, "ನನಗೆ ಎರಡೂ ಒಂದೇ. ಇವತ್ತು ಸಂಜೆಯೊಳಗೆ ಒಂದು ಅಂತ ಹೇಳಿ, ಸಾಕು," ಎಂದಿದ್ದಳು.

ಹೇಳಿಯೇಬಿಡುತ್ತಿದ್ದರು, ಡ್ರೈವರಣ್ಣ ಬರದೇ ಇದ್ದಿದ್ದರೆ.

"ನಾನು ಮೂವತ್ತು ವರ್ಷ ಬಸ್ಸು ಓಡಿಸಿದವನು," ಎಂದು ಡ್ರೈವರಣ್ಣ ಪೇಪರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಶುರುಮಾಡಿದ. ನಿವೃತ್ತಿಯಾದ ಮೇಲೆ ಅವನಿಗೆ ಓಡಿಸಲು ಏನೂ ಉಳಿದಿರಲಿಲ್ಲ, ಆದ್ದರಿಂದ ಬೇರೆಯವರ ಗಾಡಿಗಳನ್ನು ಬಾಯಲ್ಲೇ ಓಡಿಸುತ್ತಿದ್ದ. "ಒಂದು ದಿನಾನೂ ಹಿಂದೆ ಏನನ್ನೂ ಕಟ್ಟಿಕೊಂಡು ಓಡಿಸಿಲ್ಲ. ಕ್ಯಾರವಾನ್ ಅಂದ್ರೆ ಏನು? ಬಾಲ. ಬಾಲ ಕಟ್ಟಿಕೊಂಡು ಯಾರಾದ್ರೂ ರಜೆಗೆ ಹೋಗ್ತಾರಾ?"

ವಕೀಲರಿಗೆ ಕತ್ತಿನ ಹಿಂದೆ ಸಣ್ಣಗೆ ತುರಿಕೆ ಶುರುವಾಯಿತು. ತಾವೇ ಮಾಡಿದ ತೀರ್ಮಾನ ಇನ್ನೊಬ್ಬರ ಬಾಯಲ್ಲಿ ಕೇಳಿದ ತಕ್ಷಣ ಅದರಲ್ಲಿರುವ ಹುಳುಕುಗಳೆಲ್ಲ ಒಟ್ಟಿಗೆ ಕಣ್ಣಿಗೆ ಬಿದ್ದವು.

"ಡ್ರೈವರಣ್ಣ, ಕೂತ್ಕೊಳ್ಳಿ," ಎಂದರು. "ಒಂದು ಮಾತು ಕೇಳ್ತೀನಿ. ಕೆರೆ ದಂಡೇಲಿ ವ್ಯಾನ್ ನಿಲ್ಲಿಸಿದೀರಿ. ಹಾಸಿಗೆ ಹಾಸಿದೀರಿ. ಒಲೆ ಮೇಲೆ ಹಾಲಿಟ್ಟಿದೀರಿ. ಸಕ್ಕರೆ ಮರೆತು ಬಂದಿದೀರಿ. ಏನ್ಮಾಡ್ತೀರಿ?"

"ಅಂಗಡಿಗೆ ಹೋಗಿ ತರ್ತೀನಿ."

"ಹೇಗೆ?"

"ವ್ಯಾನಲ್ಲಿ."

"ಅಂದ್ರೆ ಒಂದು ಪೊಟ್ಟಣ ಸಕ್ಕರೆಗೆ ಇಡೀ ಮನೇನೇ ಎತ್ಕೊಂಡು ಹೋಗ್ತೀರಿ! ಹಾಸಿಗೆ, ಒಲೆ, ಉಕ್ಕೋ ಹಾಲು, ಒಳಗೆ ತಲೆ ಒರೆಸಿಕೊಳ್ತಾ ಇರೋ ಅಕ್ಕ, ಎಲ್ಲರೂ ಸಕ್ಕರೆ ತರೋಕೆ ಹೊರಟ್ರು. ವಾಪಸು ಬರೋ ಹೊತ್ತಿಗೆ ಆ ಜಾಗದಲ್ಲಿ ಇನ್ಯಾರೋ ಬಿಡಾರ ಹೂಡಿರ್ತಾರೆ. ಕ್ಯಾರವಾನ್ ಆಗಿದ್ರೆ? ಕೊಂಡಿ ಬಿಚ್ಚಿದ್ರಿ. ಮನೆ ಕೆರೆ ಹತ್ರ, ನೀವು ಜೀಪಲ್ಲಿ. ನಾಲ್ಕು ಜನ ಕಾಲು ಚಾಚಿ ಮಲಗೋ ಜಾಗ. ಮನೆ ಅಂದ್ರೆ ಇದ್ದಲ್ಲಿ ಇರಬೇಕು ಡ್ರೈವರಣ್ಣ, ಗಂಡನ ಹಿಂದೆ ಅಲೀಬಾರದು."

ಡ್ರೈವರಣ್ಣ ಪೇಪರನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. ಆದರೆ ಮೂವತ್ತು ವರ್ಷದ ಸರ್ವೀಸು ಅಷ್ಟು ಬೇಗ ಸೋಲುತ್ತದೆಯೇ? "ಅದೆಲ್ಲ ಸರಿ. ರಿವರ್ಸ್ ತೆಗೀಬೇಕಾದ್ರೆ ಏನ್ಮಾಡ್ತೀರಿ? ಸ್ಟೀರಿಂಗ್ ಬಲಕ್ಕೆ ತಿರುಗಿಸಿದ್ರೆ ಬಾಲ ಎಡಕ್ಕೆ ಹೋಗತ್ತೆ. ದೊಡ್ಡ ದೊಡ್ಡ ಡ್ರೈವರ್‌ಗಳೇ ಬೆವತುಬಿಡ್ತಾರೆ."

"ಅದೇನು ಮಹಾ ವಿದ್ಯೆ? ಬನ್ನಿ, ತೋರಿಸ್ತೀನಿ."

ಹೆಂಡತಿ ಅಡಿಗೆಮನೆಯಿಂದ ಒಮ್ಮೆ ಇಣುಕಿ ನೋಡಿ, ತಡೆಯುವುದರಲ್ಲಿ ಅರ್ಥವಿಲ್ಲವೆಂದು ತಿಳಿದು, ತನ್ನ ಊಟದ ಡಬ್ಬಿ ತುಂಬಿಕೊಳ್ಳಲು ಹೋದಳು.

ವಕೀಲರು ಅಂಗಳದಲ್ಲಿ ಸ್ಕೂಟರಿನ ಹಿಂದೆ ನೀರಿನ ಕ್ಯಾನು ಸಾಗಿಸುವ ತಳ್ಳುಗಾಡಿಯನ್ನು ನಿಲ್ಲಿಸಿ, ನಡುವೆ ಬಟ್ಟೆ ಒಣಹಾಕುವ ಬಿದಿರಿನ ಗಳುವನ್ನು ಅಡ್ಡ ಕೊಟ್ಟು ಹಗ್ಗದಲ್ಲಿ ಬಿಗಿದರು. ಸ್ಕೂಟರೇ ಜೀಪು, ತಳ್ಳುಗಾಡಿಯೇ ಕ್ಯಾರವಾನ್. ಸ್ಕೂಟರಿನ ಮೇಲೆ ಕೂತು, ಎರಡೂ ಕಾಲು ನೆಲಕ್ಕೆ ಕೊಟ್ಟು, ಗೇಟಿನ ಕಡೆಗೆ ಹಿಂದಕ್ಕೆ ತಳ್ಳತೊಡಗಿದರು.

ಮೊದಲ ಎರಡು ಗಜ ನೇರ ಬಂತು. "ನೋಡಿದ್ರಾ?" ಎಂದರು.

ಆ ಮೇಲೆ ತಳ್ಳುಗಾಡಿ ಸ್ವಲ್ಪ ಎಡಕ್ಕೆ ವಾಲಿತು. ವಕೀಲರು ಹ್ಯಾಂಡಲ್ಲನ್ನು ಬಲಕ್ಕೆ ತಿರುಗಿಸಿದರು. ಅದು ಇನ್ನೂ ಎಡಕ್ಕೆ ಹೋಯಿತು. ಇನ್ನೂ ಬಲಕ್ಕೆ ತಿರುಗಿಸಿದರು. ಎತ್ತು ಏರಿಗೆ, ಕೋಣ ನೀರಿಗೆ. ತಳ್ಳುಗಾಡಿ ಸರ್ರನೆ ತಿರುಗಿ, ಮೆಟ್ಟಿಲ ಬಳಿ ಸಾಲಾಗಿ ಇಟ್ಟಿದ್ದ ಡ್ರೈವರಣ್ಣನ ಹೆಂಡತಿ, ಮೇಲಿನ ಮನೆಯ ಅಕ್ಕನ ಹೂಕುಂಡಗಳ ನಡುವೆ ನುಗ್ಗಿತು. ಸ್ಕೂಟರ್ ಅದರ ಮೇಲೆ ವಾಲಿತು. ಹ್ಯಾಂಡಲ್ ಗೋಡೆಗೆ ಬಡಿದು ಸೊಟ್ಟಗಾಯಿತು. ಎರಡರ ಮಧ್ಯೆ ವಕೀಲರ ಒಂದು ಕಾಲು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಯಿತು.

ಸದ್ದಿಗೆ ಮೇಲಿನ ಮನೆಯ ಅಕ್ಕ ಓಡಿಬಂದಳು. "ಅಯ್ಯೋ, ನನ್ನ ಕುಂಡ!" ಎಂದಳು. ಆಮೇಲೆ, "ಕಾಲಿಗೇನಾಯ್ತು?" ಎಂದಳು. ಈ ಎರಡು ಪ್ರಶ್ನೆಗಳ ಅನುಕ್ರಮವನ್ನು ವಕೀಲರು ಮನಸ್ಸಿನಲ್ಲಿ ಗುರುತು ಹಾಕಿಕೊಂಡರು.

"ಏನೂ ಆಗಿಲ್ಲ ಅಕ್ಕ," ಎಂದರು ಮಣ್ಣಿನ ನಡುವಿನಿಂದಲೇ, ಕಿಂಚಿತ್ತೂ ಅಳುಕದೆ. "ಬಂದೇಬಿಟ್ಟಿತ್ತು. ಜಾಗ ಸಾಲಲಿಲ್ಲ ಅಷ್ಟೇ."

"ಜಾಗ ಅಲ್ಲರೀ, ಕೈ!" ಎಂದು ಡ್ರೈವರಣ್ಣ ಮುಂದೆ ಬಂದ. ವಕೀಲರನ್ನು ಬಿಡಿಸಿ ಪಕ್ಕಕ್ಕೆ ನಿಲ್ಲಿಸಿ, ತಾನೇ ಸ್ಕೂಟರ್ ಹತ್ತಿದ. ಸೊಟ್ಟ ಹ್ಯಾಂಡಲ್ಲನ್ನು ಕೂಸಿನ ತಲೆ ಹಿಡಿದ ಹಾಗೆ ಹಿಡಿದು, ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಆಡಿಸುತ್ತಾ, ತಳ್ಳುಗಾಡಿಯನ್ನು ಗೇಟಿನ ಎರಡು ಕಂಬಗಳ ಮಧ್ಯೆ ನೂಲು ಹಿಡಿದಂತೆ ತೂರಿಸಿಬಿಟ್ಟ. ಇಳಿದು ನಿಂತು ಅದನ್ನೇ ನೋಡಿದ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡಾಗಲೂ ಅವನ ಮುಖ ಅಷ್ಟು ಅರಳಿರಲಿಲ್ಲ.

"ನಾಲ್ಕು ಜನ ಮಲಗಬಹುದು ಅಂದ್ರಾ?" ಎಂದು ಮೆಲ್ಲಗೆ ಕೇಳಿದ.

"ಕಾಲು ಚಾಚಿ," ಎಂದರು ವಕೀಲರು ತಮ್ಮ ಕಾಲು ಉಜ್ಜಿಕೊಳ್ಳುತ್ತಾ. ಡ್ರೈವರಣ್ಣ ಮೆಟ್ಟಿಲು ಹತ್ತಿಹೋದ. ಪೇಪರನ್ನೂ ಮರೆತು ಹೋದ. ಎದುರಾಳಿ ಬಾಯಿ ಮುಚ್ಚಿಕೊಂಡು ಹೋಗುವುದನ್ನು ನೋಡುವಾಗ ವಕೀಲರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಕ್ಯಾರವಾನ್," ಎಂದರು ಹೆಂಡತಿಗೆ, ಕೈಗೆ ಹತ್ತಿದ ಮಣ್ಣು ತೊಳೆಯುತ್ತಾ. "ತೀರ್ಮಾನ ಆಗೋಯ್ತು."

"ಸರಿ," ಎಂದು ಅವಳು ಚೀಲ ಹೆಗಲಿಗೇರಿಸಿ ಆಸ್ಪತ್ರೆಗೆ ಹೊರಟಳು.

ಸೊಟ್ಟ ಹ್ಯಾಂಡಲ್ಲಿನ ಸ್ಕೂಟರಿನಲ್ಲಿ ನೇರ ಹೋಗಬೇಕಾದರೆ ಸದಾ ಬಲಕ್ಕೆ ತಿರುಗಿಸಿಕೊಂಡೇ ಇರಬೇಕಿತ್ತು. ಹಾಗೇ ಹೋಗಿ ವಕೀಲರು ಅಂಗಡಿ ಮುಟ್ಟಿದರು. ಯಜಮಾನರು ಗಲ್ಲಾದ ಹಿಂದೆ ಕೂತು ಗಾಜು ಒರೆಸುತ್ತಿದ್ದರು. ದಪ್ಪ ಮೈ, ಮೃದು ಮನಸ್ಸು. ಇಪ್ಪತ್ತು ವರ್ಷಗಳಿಂದ ಅಂಗಡಿಯ ಬಾಗಿಲನ್ನು ಒಂದು ದಿನವೂ ಮುಚ್ಚಿದವರಲ್ಲ.

"ಏನಯ್ಯಾ, ನಾಳೆಯಿಂದ ರಜೆ. ಯಾವ ಗಾಡಿ ಅಂತ ಆಯ್ತು?"

"ಕ್ಯಾರವಾನ್ ಸಾರ್."

"ಭೇಷ್! ನಾನೂ ಅದನ್ನೇ ಹೇಳೋಣ ಅಂತಿದ್ದೆ. ಕ್ಯಾರವಾನೇ ಸರಿ. ಆ ಕ್ಯಾಂಪರ್ ವ್ಯಾನ್ ಅಂದ್ರೆ ಒಂದು ಡಬ್ಬಿ. ಅದರೊಳಗೆ ಮನುಷ್ಯ ಇರೋಕಾಗುತ್ತಾ?"

ಬುದ್ಧಿಯಿದ್ದವನಾಗಿದ್ದರೆ ಇಲ್ಲಿಗೆ ನಿಲ್ಲಿಸಿ, ಕೈಮುಗಿದು, ಕೆಲಸಕ್ಕೆ ಕೂರುತ್ತಿದ್ದ. ಯಜಮಾನರು ಒಪ್ಪಿದ್ದಾರೆ, ಹೆಂಡತಿ ಸರಿ ಎಂದಿದ್ದಾಳೆ, ಮೇಲಿನ ಮನೆಯವನು ಸೋತಿದ್ದಾನೆ, ಇನ್ನೇನು ಬೇಕು? ಆದರೆ ವಕೀಲರ ಕತ್ತು ತುರಿಸತೊಡಗಿತ್ತು.

"ಹಾಗಂತ ಹೇಳೋಕಾಗಲ್ಲ ಸಾರ್," ಎಂದರು. "ರಾತ್ರಿ ಅಂದ್ಕೊಳ್ಳಿ. ಜೋರು ಮಳೆ. ಹೊರಗೆ ಏನೋ ಸದ್ದು. ಕಾಡುಹಂದಿನೋ, ಕಳ್ಳನೋ ಗೊತ್ತಿಲ್ಲ. ಕ್ಯಾರವಾನಲ್ಲಿ ಇದ್ರೆ ಏನ್ಮಾಡ್ತೀರಿ? ಬಾಗಿಲು ತೆಗೆದು, ಮಳೇಲಿ ಇಳಿದು, ಆ ಹಂದಿ ಮುಂದೇನೇ ಹಾದು ಜೀಪ್ ಹತ್ತಬೇಕು. ವ್ಯಾನಲ್ಲಾದ್ರೆ? ಹಾಸಿಗೆಯಿಂದ ಎದ್ರಿ, ಮಲಗೋ ಬಟ್ಟೇಲೇ ಸೀಟಿಗೆ ಬಂದ್ರಿ, ಕೀ ತಿರುಗಿಸಿದ್ರಿ. ಹಂದಿ ಅಲ್ಲೇ, ನೀವು ಇನ್ನೊಂದು ಊರಲ್ಲಿ."

"ಅದು ಸರಿ," ಎಂದರು ಯಜಮಾನರು ಗಾಜು ಒರೆಸುವುದನ್ನು ನಿಲ್ಲಿಸಿ. "ಆದ್ರೆ ಜಾಗ ಎಲ್ಲಿದೆಯಯ್ಯಾ? ನನ್ನಂಥವನು ಮಗ್ಗುಲು ಬದಲಿಸೋದು ಹೇಗೆ?"

"ಬನ್ನಿ ಸಾರ್, ತೋರಿಸ್ತೀನಿ."

ಅಂಗಡಿಯ ಹಿಂದೆ ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಯಿತ್ತು. ಉದ್ದ ಹೆಚ್ಚು, ಅಗಲ ಕಮ್ಮಿ. ಒಂದು ತುದಿಯಲ್ಲಿ ಅಕ್ಷರಗಳ ಬೋರ್ಡು, ಇನ್ನೊಂದು ತುದಿಯಲ್ಲಿ ಕುರ್ಚಿ. ಸುಮಾರಿಗೆ ಆ ವ್ಯಾನಿನದೇ ಅಳತೆ. ವಕೀಲರು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಮೂಲೆಯ ಸ್ಟೂಲನ್ನು ಒಲೆ ಮಾಡಿದರು. ಗಿರಾಕಿಗಳ ಮೂರು ಕುರ್ಚಿಗಳನ್ನು ತಂದು ಜೋಡಿಸಿ ಹಾಸಿಗೆ ಮಾಡಿದರು. "ಮಲಗಿ ಸಾರ್."

ಯಜಮಾನರು ಆಚೀಚೆ ನೋಡಿ, ನಾಚುತ್ತಾ ಮಲಗಿದರು.

"ಈಗ ನಾನು ಇಲ್ಲಿ ಕಾಫಿ ಮಾಡ್ತಿದೀನಿ. ನಿಮಗೆ ಅಲ್ಲಿಂದಲೇ ಲೋಟ ಸಿಗುತ್ತೆ, ಕೈ ಚಾಚಿ. ಎದ್ದೇಳೋ ಕೆಲಸವೇ ಇಲ್ಲ. ಜಾಗ ಕಮ್ಮಿ ಅನ್ನೋದು ದೋಷ ಅಲ್ಲ ಸಾರ್, ಅದೇ ಅದರ ಗುಣ. ದೀಪ ಆರಿಸ್ತೀನಿ, ರಾತ್ರಿ ಹೇಗಿರುತ್ತೆ ಅಂತ ನೋಡಿ."

ದೀಪ ಆರಿತು. ಕತ್ತಲೆಯಲ್ಲಿ ವಕೀಲರು ಬಾಯಲ್ಲೇ ಮಳೆ ಸುರಿಸಿದರು, ಕಿಟಕಿಯಾಚೆ ಕೆರೆ ತಂದಿಟ್ಟರು, ತಣ್ಣನೆ ಗಾಳಿ ಬೀಸಿಸಿದರು. ಯಜಮಾನರ ಉಸಿರು ನಿಧಾನವಾಗಿ ಭಾರವಾಯಿತು.

ಇತ್ತ ಹೊರಗೆ, ಪರೀಕ್ಷೆಗೆಂದು ಕಣ್ಣಿಗೆ ಔಷಧಿಯ ಹನಿ ಹಾಕಿಸಿಕೊಂಡು ಕೂತಿದ್ದ ಅಜ್ಜಿಯೊಬ್ಬರನ್ನು ಈ ಗದ್ದಲದಲ್ಲಿ ಇಬ್ಬರೂ ಮರೆತಿದ್ದರು. ಹನಿ ಬಿದ್ದ ಮೇಲೆ ಲೋಕವೆಲ್ಲ ಮಂಜು. ಕಾದು ಕಾದು ಬೇಸತ್ತ ಅಜ್ಜಿ ಗೋಡೆ ತಡವುತ್ತಾ ಕತ್ತಲೆ ಕೋಣೆಗೆ ಬಂದು, ಕುರ್ಚಿ ಇರಬೇಕಾದ ಕಡೆ ಕೈಯಾಡಿಸಿ, ಮೆತ್ತಗಿದೆಯಲ್ಲ ಎಂದು ಸಮಾಧಾನಪಟ್ಟು, ಯಜಮಾನರ ಹೊಟ್ಟೆಯ ಮೇಲೆ ಪೂರ್ತಿ ಭಾರ ಬಿಟ್ಟು ಕೂತರು.

ಕೆಳಗಿನಿಂದ ಬಂದ ಸ್ವರ ಮನುಷ್ಯರದ್ದೆಂದು ಹೇಳುವಂತಿರಲಿಲ್ಲ.

"ಹಂದಿ!" ಎಂದು ಬೆಚ್ಚಿಬಿದ್ದ ವಕೀಲರು ಎದ್ದರು. ಎದ್ದ ರಭಸಕ್ಕೆ ಅಕ್ಷರದ ಬೋರ್ಡು ತಲೆಗೆ ತಾಗಿ ಕಳಚಿ ಬಿತ್ತು, ಸ್ಟೂಲು ಉರುಳಿತು. ಅಜ್ಜಿ "ಕುರ್ಚಿ ಕೂಗ್ತಾ ಇದೆ, ಕುರ್ಚಿ ಕೂಗ್ತಾ ಇದೆ" ಎಂದು ಬಾಗಿಲ ಕಡೆ ಓಡಿದರು. ಅವರನ್ನು ಹಿಡಿದು, ನೀರು ಕೊಟ್ಟು, ಎರಡು ಸಲ ಕ್ಷಮೆ ಕೇಳಿ, ಕಣ್ಣು ಪರೀಕ್ಷೆ ಮುಗಿಸಿ, ಆಟೋ ಹತ್ತಿಸುವ ಹೊತ್ತಿಗೆ ವಕೀಲರಿಗೆ ಸಾಕುಸಾಕಾಯಿತು.

ಈಗ ಬೈಗುಳ ಕಾದಿದೆ ಎಂದುಕೊಂಡು ಒಳಗೆ ಹೋದರೆ, ಯಜಮಾನರು ಕುರ್ಚಿಗಳ ಮೇಲೆಯೇ ಎದ್ದು ಕೂತು ಹೊಟ್ಟೆ ಸವರಿಕೊಳ್ಳುತ್ತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ನಿಜ ಹೇಳ್ಲಾ?" ಎಂದರು. "ಆ ಅಜ್ಜಿ ಕೂರೋ ತನಕ ಚೆನ್ನಾಗಿತ್ತು ಕಣಯ್ಯಾ. ಹಗಲು ಹೊತ್ತಲ್ಲಿ ಕಾಲು ಚಾಚಿ ಎಷ್ಟು ವರ್ಷ ಆಗಿತ್ತೋ." ಹಾಗೆಂದವರು ಎದ್ದು ಚಪ್ಪಲಿ ಮೆಟ್ಟಿಕೊಂಡು, ಅಂಗಡಿ ನೋಡಿಕೋ, ಸ್ವಲ್ಪ ಕೆಲಸವಿದೆ ಎಂದು ಹೇಳಿ ಹೊರಗೆ ಹೋದರು. ಹೊಟ್ಟೆ ನೋಯುತ್ತಿರಬೇಕು, ಪಾಪ, ಮನೆಗೆ ಹೋದರು ಎಂದುಕೊಂಡರು ವಕೀಲರು.

ಹೆಂಡತಿಗೆ ಫೋನ್ ಮಾಡಿದರು. "ಕ್ಯಾಂಪರ್ ವ್ಯಾನ್. ಇದೇ ಕೊನೇ ಮಾತು."

"ಬೆಳಿಗ್ಗೆ ಕ್ಯಾರವಾನ್ ಅಂದ್ರಲ್ಲ?"

"ಬೆಳಗಿನ ಮಾತು ಬೆಳಿಗ್ಗೆ. ಆವಾಗ ಎಲ್ಲ ಕೋನದಿಂದ ನೋಡಿರಲಿಲ್ಲ. ಸಂಜೆ ಗಾಡಿ ಅಂಗಡಿ ಹತ್ರ ಬಂದುಬಿಡು, ಇಬ್ಬರೂ ಸೇರಿ ಕೀ ತಗೊಳ್ಳೋಣ."

"ಸರಿ," ಎಂದಳು ಅವಳು.

ಮಧ್ಯಾಹ್ನ ಕಳೆಯಿತು, ಯಜಮಾನರ ಸುಳಿವಿಲ್ಲ. ಅಂಗಡಿ ಬಿಟ್ಟು ಹೋಗುವ ಹಾಗಿಲ್ಲ. ಗಿರಾಕಿಗಳು ಬಂದರು, ಬೇಡವೆಂದ ಫ್ರೇಮು ಹಾಕಿಕೊಂಡು ಹೋದರು. ಬಿಸಿಲು ಇಳಿಯುವ ಹೊತ್ತಿಗೆ ಯಜಮಾನರ ಫೋನು ಬಂತು: "ಬಾಗಿಲು ಹಾಕಿ ಹೊರಡಪ್ಪ. ಕೀ ನಿನ್ನ ಹತ್ರಾನೇ ಇರಲಿ." ಇಂಥ ಯಜಮಾನರು ಎಷ್ಟು ಜನಕ್ಕೆ ಸಿಗುತ್ತಾರೆ ಎಂದು ಕೊಂಡಾಡುತ್ತಾ ವಕೀಲರು ಸ್ಕೂಟರ್ ಹತ್ತಿದರು.

ಊರಾಚೆಯ ರಸ್ತೆಯಲ್ಲಿ ಗಾಳಿ ಹಿತವಾಗಿತ್ತು. ನಾಳೆ ಈ ಹೊತ್ತಿಗೆ ಎಲ್ಲಿರುತ್ತೇವೋ ಎಂದು ಯೋಚಿಸಿದರೆ ಮೈಯೆಲ್ಲ ಹಗುರವಾಗುತ್ತಿತ್ತು. ಮೊದಲ ಬೆಳಿಗ್ಗೆ ತಾವೇ ಎದ್ದು ಕಾಫಿ ಮಾಡಿ, ಅವಳನ್ನು ಎಬ್ಬಿಸಿ, ಪರದೆ ಸರಿಸಿ ತೋರಿಸಬೇಕು. ಅವಳ ಮುಖ ಆಗ ಹೇಗಿರುತ್ತದೆ ಎಂದು ನೆನೆದಾಗ ವಕೀಲರ ಕಣ್ಣು ತಾನಾಗಿ ತುಂಬಿತು. ಅಷ್ಟೇ ಅಲ್ಲ, ತಮ್ಮ ಜನ್ಮದಲ್ಲಿ ಮಾಡದ ಒಂದು ಯೋಚನೆಯನ್ನೂ ಅವರು ಮಾಡಿದರು: ವ್ಯಾನೋ ಕ್ಯಾರವಾನೋ, ಅಲ್ಲಿ ನಿಂತ ಮೇಲೆ ಅವಳೇ ಬೆರಳು ತೋರಿಸಲಿ, ತಾನು ಬಾಯಿ ತೆರೆಯುವುದಿಲ್ಲ.

ಗಾಡಿ ಅಂಗಡಿಯ ಗೇಟು ದಾಟುತ್ತಿದ್ದಂತೆ ಜೀಪಿನ ಹಿಂದೆ ಕೊಂಡಿ ಹಾಕಿಕೊಂಡು ಹೊರಡಲು ಸಿದ್ಧವಾಗಿ ನಿಂತ ಕ್ಯಾರವಾನ್ ಕಾಣಿಸಿತು. ಜೀಪಿನ ಸೀಟಿನಲ್ಲಿ ಡ್ರೈವರಣ್ಣ ಕೂತಿದ್ದ. ಹಳೆಯ ಖಾಕಿ ಅಂಗಿ ಹಾಕಿಕೊಂಡಿದ್ದ. ಕ್ಯಾರವಾನಿನ ಮೆಟ್ಟಿಲ ಮೇಲೆ ಅಕ್ಕ ಇದ್ದಳು, ಅವಳ ಪಕ್ಕದಲ್ಲಿ ವಕೀಲರ ಹೆಂಡತಿ.

"ಬನ್ನಿ ವಕೀಲ್ರೇ!" ಎಂದು ಡ್ರೈವರಣ್ಣ ಕೂಗಿದ. "ನನ್ನ ಕಣ್ಣು ತೆರೆಸಿದ್ರಿ ನೀವು. ಆ ಸಕ್ಕರೆ ಮಾತು ಕೇಳಿದ ಮೇಲೆ ನನಗೆ ನಿಂತಲ್ಲಿ ನಿಲ್ಲೋಕಾಗ್ಲಿಲ್ಲ. ನಿಮಗೇನೂ ತೊಂದರೆ ಇಲ್ವಲ್ಲ? ನೀವು ಕ್ಯಾಂಪರ್ ವ್ಯಾನ್ ಅಂತ ತೀರ್ಮಾನ ಮಾಡಿದೀರಿ ಅಂತ ನಿಮ್ಮ ಮನೆಯವರು ಫೋನಲ್ಲಿ ಹೇಳಿದ್ರು. ಅದಕ್ಕೇ ಇದನ್ನ ಹಿಡಿದೆ."

ವಕೀಲರು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದರು. ಹೋಗಲಿ, ವ್ಯಾನ್ ಇದೆಯಲ್ಲ. ವ್ಯಾನೇ ಒಳ್ಳೆಯದೆಂದು ತಾವೇ ಸಾಧಿಸಿ ತೋರಿಸಿದ್ದಾಗಿದೆ. ಅವರು ತಿರುಗುವಷ್ಟರಲ್ಲಿ ಶೆಡ್ಡಿನ ಒಳಗಿನಿಂದ ಕ್ಯಾಂಪರ್ ವ್ಯಾನ್ ಮೆಲ್ಲನೆ ಹೊರಬಂತು. ಓಡಿಸುತ್ತಿದ್ದವರು ಅಂಗಡಿ ಯಜಮಾನರು. ಪಕ್ಕದಲ್ಲಿ ಅವರ ಹೆಂಡತಿ ತಲೆಗೆ ಹೊಸ ಟೋಪಿ ಹಾಕಿಕೊಂಡು ಕೂತಿದ್ದರು.

"ಒಳ್ಳೇದಾಯ್ತು ನೀನು ಸಿಕ್ಕಿದ್ದು," ಎಂದರು ಯಜಮಾನರು ಕಿಟಕಿಯಿಂದ ತಲೆ ಹೊರಹಾಕಿ. "ಅಂಗಡಿ ಕೀ ಇದೆಯಲ್ಲ? ಒಂದು ವಾರ ಇಟ್ಕೋ. ಇಪ್ಪತ್ತು ವರ್ಷದ ಮೇಲೆ ಹೊರಟಿದೀನಪ್ಪಾ, ಎಲ್ಲ ನಿನ್ನಿಂದ."

"ಸಾರ್, ವ್ಯಾನ್ ನಾನು…"

"ನೀನು ಬೆಳಿಗ್ಗೆ ಬಂದವನೇ ಕ್ಯಾರವಾನ್ ಅಂದ್ಯಲ್ಲ? ಆಮೇಲೆ ಹೇಳಿದ್ದು ವಾದಕ್ಕೆ ಅಂದ್ಕೊಂಡೆ. ನಿನ್ನನ್ನ ನಾನು ನೋಡಿಲ್ವೇನಯ್ಯಾ?"

"ಮತ್ತೆ ನನ್ನ ರಜೆ ಸಾರ್?"

"ಗಾಡಿನೇ ಇಲ್ಲ ನಿನಗೆ. ರಜೆ ಇಟ್ಕೊಂಡು ಏನ್ಮಾಡ್ತೀಯ?" ಎಂದರು ಯಜಮಾನರು, ನಿಜವಾದ ಕಾಳಜಿಯಿಂದ. ವಕೀಲರು ಬಾಯಿ ತೆರೆದರು. ವ್ಯಾನ್ ಗೇಟು ದಾಟಿ ಹೋಯಿತು.

ಗಾಡಿ ಅಂಗಡಿಯವನು ಬಂದು ಕೈ ಕುಲುಕಿದ. "ಇಬ್ಬರೂ ನಿಮ್ಮ ಹೆಸರು ಹೇಳ್ಕೊಂಡೇ ಬಂದ್ರು ಸಾರ್. ಮಧ್ಯಾಹ್ನ ಇಲ್ಲೇ ನಿಂತು, ಸಕ್ಕರೆ ದೊಡ್ಡದೋ ಹಂದಿ ದೊಡ್ಡದೋ ಅಂತ ಇಬ್ಬರಿಗೂ ಜಗಳ. ಇಷ್ಟು ವರ್ಷ ಈ ವ್ಯಾಪಾರ ಮಾಡ್ತಿದೀನಿ, ನನಗೇ ಹೊಳೆದಿರಲಿಲ್ಲ ಅದೆಲ್ಲ."

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಮನೆಗೆ ಚಕ್ರವಿದ್ದರೂ ಗಾದೆ ತಪ್ಪುವುದಿಲ್ಲವೆಂದು ವಕೀಲರಿಗೆ ಅಂದು ತಿಳಿಯಿತು. ಹೆಂಡತಿಯ ಮುಖ ನೋಡಲು ಧೈರ್ಯವಾಗದೆ ನೆಲ ನೋಡುತ್ತಾ ನಿಂತರು.

"ನಿಮಗಂತೂ ಅಂಗಡಿ ಬಂತು," ಎಂದಳು ಮೆಟ್ಟಿಲ ಮೇಲಿದ್ದ ಅಕ್ಕ. "ಇಷ್ಟು ದೊಡ್ಡ ಗಾಡಿ, ನಾವಿಬ್ಬರೇ. ಇವಳನ್ನಾದ್ರೂ ನಮ್ಮ ಜೊತೆ ಕಳಿಸಿಕೊಡಿ."

"ಬೇಡ ಅಕ್ಕ," ಎಂದಳು ಹೆಂಡತಿ ತಟ್ಟನೆ. "ಇವರೊಬ್ಬರನ್ನೇ ಬಿಟ್ಟು ನಾನು ಹೇಗೆ ಬರ್ಲಿ? ಎಲ್ಲೂ ಹೋಗೋದು ಬೇಡ. ಈ ವಾರ ಮನೇಲೇ ಇರ್ತೀನಿ."

ಆ ಮಾತಿಗೆ ವಕೀಲರ ಎದೆ ಕರಗಿ ನೀರಾಯಿತು. ತಮ್ಮ ತಪ್ಪಿಗೆ ಅವಳು ಒಂದು ಮಾತೂ ಆಡಲಿಲ್ಲ. ಬದಲಿಗೆ ತಮಗಾಗಿ ಆಸೆಯನ್ನೇ ಬಿಟ್ಟುಕೊಡುತ್ತಿದ್ದಾಳೆ. ಇವಳ ಜೊತೆ ಮನೆಯಲ್ಲಿ ವಾರವೆಲ್ಲ ಸಂಜೆಗಳನ್ನು ಕಳೆಯುವುದೂ ಒಂದು ರಜೆಯೇ. ಸರಿ, ನಡಿ ಹೋಗೋಣ ಎಂದರೆ ಸಾಕಾಗಿತ್ತು.

ಕತ್ತು ತುರಿಸಿತು.

"ಮನೇಲಿ ಇರ್ತೀನಿ ಅಂದ್ರೆ ಏನರ್ಥ?" ಎಂದರು.

"ನಿಮ್ಮ ಊಟ, ತಿಂಡಿ?"

"ನನಗೆ ಕೈ ಇಲ್ವಾ? ಮದುವೆಗೆ ಮುಂಚೆ ಉಪವಾಸ ಇದ್ನಾ?"

"ಯಾರ ಮನೇಲೂ ಅಲ್ಲ ಅಂತ ನಾನೇ ಹೇಳಿದ್ದೆ. ಇದು ಅಕ್ಕನ ಮನೆ ಆದ ಹಾಗಾಯ್ತಲ್ಲ?"

"ಯಾರು ಹೇಳಿದ್ದು? ಬಾಡಿಗೆ ಗಾಡಿ ಇದು. ಇವತ್ತು ಇವರದು, ನಾಳೆ ಇನ್ಯಾರದೋ. ಇದನ್ನ ಅಕ್ಕನ ಮನೆ ಅನ್ನೋದಾದ್ರೆ ಬಸ್ಸನ್ನ ಕಂಡಕ್ಟರ್ ಮನೆ ಅನ್ನಬೇಕು."

"ಆಸ್ಪತ್ರೆಯವರು ಕರೆದ್ರೆ?"

"ಕರೀಲಿ! ರಜೆ ಕೊಟ್ಟವರು ಅವರೇ ತಾನೇ? ಜಗತ್ತಿನ ರಕ್ತ ಎಲ್ಲ ನೀನೊಬ್ಬಳೇ ತೆಗೀಬೇಕಾ? ರಜೆ ಅನ್ನೋದು ಹಾಲಿದ್ದ ಹಾಗೆ, ಇಟ್ಟರೆ ಕೆಡುತ್ತೆ. ಹತ್ತು ಗಾಡಿ, ಹತ್ತು. ನಾನು ಹೇಳ್ತಿದೀನಿ."

ವಕೀಲರ ದನಿ ಏರಿತು, ಕೈ ಗಾಳಿಯಲ್ಲಿ ತಿರುಗಿತು. ಗಾಡಿ ಅಂಗಡಿಯವನೂ ಡ್ರೈವರಣ್ಣನೂ ಬಾಯಿ ತೆರೆದು ಕೇಳುತ್ತಿದ್ದರು. ಹೆಂಡತಿ ಇನ್ನೂ ಎರಡು ಅಡ್ಡ ಪ್ರಶ್ನೆ ಹಾಕಿದಳು. ಎರಡನ್ನೂ ವಕೀಲರು ನಿಂತ ನಿಲುವಿನಲ್ಲೇ ಚಿಂದಿ ಮಾಡಿ ಬಿಸಾಡಿದರು. ಕೊನೆಗೆ ಅವಳು ಎರಡೂ ಕೈ ಎತ್ತಿ, "ನಾನು ಸೋತೆ ಬಿಡಿ, ಹೋಗ್ತೀನಿ," ಎಂದಳು.

ಗಾಡಿ ಅಂಗಡಿಯವನು ಚಪ್ಪಾಳೆ ತಟ್ಟಿದ. ವಕೀಲರು ಹಣೆಯ ಬೆವರು ಒರೆಸಿಕೊಂಡು, ಗೆದ್ದ ಗತ್ತಿನಲ್ಲೇ, "ಸ್ಕೂಟರ್ ಹತ್ತು, ಮನೆಗೆ ಹೋಗಿ ನಿನ್ನ ಬಟ್ಟೆಬರೆ ತರೋಣ," ಎಂದರು.

"ಯಾವ ಬಟ್ಟೆ?" ಎಂದ ಡ್ರೈವರಣ್ಣ ಜೀಪು ಚಾಲೂ ಮಾಡುತ್ತಾ. "ಅಂಗಡಿ ನಿಮಗೆ ಬಿತ್ತು ಅಂತ ನಿಮ್ಮ ಯಜಮಾನ್ರು ಮಧ್ಯಾಹ್ನವೇ ಹೇಳಿದ್ರಲ್ಲ. ಆವಾಗ್ಲೇ ನಿಮ್ಮ ಮನೆಯವರಿಗೆ ಫೋನ್ ಮಾಡಿದ್ವಿ. ಅವರ ಪೆಟ್ಟಿಗೆ ಒಳಗೆ ಬಂದು ಆಗಲೇ ಎಷ್ಟೊತ್ತಾಯ್ತು."

ವಕೀಲರು ಹೆಂಡತಿಯ ಕಡೆ ತಿರುಗಿದರು. ಅವಳು ಆಗಲೇ ಒಳಗೆ ಹೋಗಿ ಕಿಟಕಿಯ ಪಕ್ಕ ಕೂತಾಗಿತ್ತು. ಇಷ್ಟು ವರ್ಷದಲ್ಲಿ ಅವರು ಕಾಣದಿದ್ದ ಒಂದು ನಗು ಅವಳ ಮುಖದಲ್ಲಿತ್ತು.

"ನೀವು ನನ್ನನ್ನ ಒಪ್ಪಿಸೇ ಒಪ್ಪಿಸ್ತೀರಿ ಅಂತ ಗೊತ್ತಿತ್ತು ರೀ," ಎಂದಳು ಅವಳು, ಕ್ಯಾರವಾನ್ ಚಲಿಸತೊಡಗಿದಾಗ.